ಹಾಲಿನ ಡೇರಿಯ ಸರ್ವಾಧಿಕಾರಿ

ಪದಗಳನ್ನು ಯಾರಾದರೂ ತಪ್ಪಾಗಿ ಬಳಸಿದರೆ ನನಗೆ ಸುಮ್ಮನಿರಲು ಆಗುವುದಿಲ್ಲ. ಇದು ಒಳ್ಳೆಯ ಗುಣವೇನಲ್ಲ, ಕಾಯಿಲೆ ಎಂದೇ ನನ್ನ ಹೆಂಡತಿಯ ಅಭಿಪ್ರಾಯ. ಇಪ್ಪತ್ತೆರಡು ವರ್ಷದಿಂದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತಿದ್ದೇನೆ. ಪ್ರಜಾಪ್ರಭುತ್ವ, ಸರ್ವಾಧಿಕಾರ, ಸಮತಾವಾದ ಎಲ್ಲ ನನ್ನ ಹೊಟ್ಟೆಪಾಡಿನ ಪದಗಳು. ಬಡಗಿಯ ಉಳಿಯನ್ನು ಎತ್ತಿಕೊಂಡು ಹೋಗಿ ಯಾರಾದರೂ ತೆಂಗಿನಕಾಯಿ ಒಡೆದರೆ ಅವನಿಗೆ ಹೇಗಾಗುತ್ತದೋ, ಈಚೆಗೆ ಟೀವಿ ನೋಡುವಾಗ ನನಗೆ ಹಾಗಾಗುತ್ತಿದೆ.

ಕೋಲಾರದಿಂದ ಸುಗಟೂರಿನ ಬಸ್ಸು ಹತ್ತಿ, ಇಳಿದು, ಇನ್ನಷ್ಟು ದೂರ ನಡೆದರೆ ನಮ್ಮ ಊರು. ಊರು ಸಣ್ಣದಾದರೂ ಸಂಜೆ ಊಟದ ಹೊತ್ತಿಗೆ ಎಲ್ಲ ಮನೆಯಲ್ಲೂ ಒಂದೇ ಗಲಾಟೆ. ಒಂದು ದೊಡ್ಡ ಬಂಗಲೆಯಲ್ಲಿ ಹದಿನೈದು ಜನರನ್ನು ಕೂಡಿಹಾಕಿ, ಅವರು ಜಗಳವಾಡುವುದನ್ನು ನಾಡಿಗೆಲ್ಲ ತೋರಿಸುವ ಕಾರ್ಯಕ್ರಮ ಅದು. ಪಾತ್ರೆ ತೊಳೆಯುವ ಸರದಿ ನಿನ್ನದು ಎಂದು ನೆನಪಿಸಿದ ಹುಡುಗಿಯನ್ನು ಅಲ್ಲಿ ಸರ್ವಾಧಿಕಾರಿ ಎನ್ನುತ್ತಾರೆ. ಇರುವ ಬಾಳೆಹಣ್ಣನ್ನು ಎಲ್ಲರಿಗೂ ಸಮನಾಗಿ ಹಂಚಿದವನು ಕಮ್ಯುನಿಸ್ಟ್. ಹೆಂಗಸರ ಮುಂದೆ ಕೂಗಾಡಬೇಡ ಎಂದವಳು ಫೆಮಿನಿಸ್ಟ್, ಅದೂ ಬೈಗುಳದ ಧಾಟಿಯಲ್ಲಿ. ಹತ್ತು ಗಂಟೆಯಾದರೂ ಹಾಸಿಗೆ ಬಿಟ್ಟು ಏಳದವನೊಬ್ಬ ತಾನು ಕ್ರಾಂತಿಕಾರಿ ಎಂದು ಹೇಳಿಕೊಂಡಾಗ ನಾನು ತಟ್ಟೆ ಬಿಟ್ಟು ಎದ್ದು ನಿಂತು, ಕ್ರಾಂತಿ ಎಂದರೇನು ಎಂದು ಟೀವಿಗೇ ಪಾಠ ಶುರುಮಾಡಿದೆ. ನಮ್ಮಮ್ಮ ಅಷ್ಟನ್ನೂ ತಾಳ್ಮೆಯಿಂದ ಕೇಳಿಸಿಕೊಂಡು, ಈ ಸರ್ವಾಧಿಕಾರಿ ಅನ್ನೋರು ಯಾವ ಆಫೀಸಿನೋರಪ್ಪಾ, ತಹಸೀಲ್ದಾರರಿಗಿಂತ ಮೇಲಾ ಎಂದು ಕೇಳಿದರು. ಅಲ್ಲಿಗೆ ನನ್ನ ಪಾಠ ಮುಗಿಯಿತು, ಮುದ್ದೆ ಆರಿಹೋಗಿತ್ತು.

ಶಾಲೆಯಲ್ಲೂ ಇದೇ ಗೋಳು. ಬಿಸಿಯೂಟದಲ್ಲಿ ಒಬ್ಬೊಬ್ಬರಿಗೂ ಒಂದೇ ಮೊಟ್ಟೆ ಎಂದು ಪಟ್ಟು ಹಿಡಿಯುವ ಅಡುಗೆಯಮ್ಮ ಮಕ್ಕಳ ಬಾಯಲ್ಲಿ ಕಮ್ಯುನಿಸ್ಟ್ ಆಂಟಿ. ಆ ತಾಯಿಯೋ ಪ್ರತಿ ಶನಿವಾರ ತಪ್ಪದೆ ಆಂಜನೇಯನ ಗುಡಿಗೆ ಎಣ್ಣೆದೀಪ ಹಚ್ಚುವವರು. ನಾನು ರೇಗಿದೆನಾದರೂ ಒಳಗೊಳಗೇ ಬೆರಗಾಗದೆ ಇರಲಿಲ್ಲ. ಇಪ್ಪತ್ತೆರಡು ವರ್ಷ ಬೋರ್ಡಿನ ಮೇಲೆ ಬರೆದು ಬರೆದು ತಲೆಗೆ ಹತ್ತಿಸಲಾಗದ ಪದಗಳನ್ನು ಆ ಬಂಗಲೆಯ ಸೋಮಾರಿಗಳು ಎರಡೇ ವಾರದಲ್ಲಿ ಮಕ್ಕಳ ನಾಲಿಗೆಗೆ ಹತ್ತಿಸಿದ್ದರು. ಅರ್ಥ ಮಾತ್ರ ಬಂಗಲೆಯಲ್ಲೇ ಉಳಿದಿತ್ತು.

ಇನ್ನು ನನ್ನ ಹೆಂಡತಿಯ ವಿಷಯ. ಹೆಸರು ವರಲಕ್ಷ್ಮಿ. ನಮ್ಮೂರಿನ ಮಹಿಳಾ ಹಾಲಿನ ಸಂಘಕ್ಕೆ ಅವಳೇ ಸೆಕ್ರೆಟರಿ, ಹಾಲು ಪರೀಕ್ಷೆ ಮಾಡುವವಳೂ ಅವಳೇ. ಬೆಳಗಿನ ಜಾವ ನಮ್ಮ ಎರಡು ಸೀಮೆಹಸುಗಳ ಹಾಲು ಕರೆದಿಟ್ಟು ಡೇರಿಗೆ ಹೊರಟಳೆಂದರೆ, ಅಲ್ಲಿ ಒಬ್ಬೊಬ್ಬರ ಕ್ಯಾನಿನಿಂದಲೂ ಹಾಲು ತೆಗೆದು, ನೀರು ಬೆರೆತಿದೆಯೇ ಎಂದು ತೋರಿಸುವ ಗಾಜಿನ ಮೀಟರು ತೇಲಿಬಿಟ್ಟು, ಬಗ್ಗಿ, ಕಣ್ಣು ಕಿರಿದು ಮಾಡಿ ನೋಡುತ್ತಾಳೆ. ಮೀಟರು ಹೇಳಿದ್ದೇ ಮಾತು. ಡಿಗ್ರಿ ಬರದಿದ್ದರೆ ದನಿ ಏರಿಸುವುದಿಲ್ಲ, ಮುಖ ಸಿಂಡರಿಸುವುದೂ ಇಲ್ಲ. ವಾಪಸ್ ತಗೊಂಡೋಗಮ್ಮ ಎಂದು ಕ್ಯಾನನ್ನು ಪಕ್ಕಕ್ಕಿಟ್ಟು ಮುಂದಿನವರನ್ನು ಕರೆಯುತ್ತಾಳೆ. ಅವಳು ಸೇರುವ ಮುಂಚೆ ನಮ್ಮೂರ ಹಾಲೆಂದರೆ ಜಿಲ್ಲೆಯ ದೊಡ್ಡ ಡೇರಿಯವರು ಮೂಗು ಮುರಿಯುತ್ತಿದ್ದರು, ಒಮ್ಮೆ ಇಡೀ ಊರಿನ ಹಾಲೇ ಹಿಂದಕ್ಕೆ ಬಂದಿತ್ತು. ಈಗ ಅಂಥ ಮಾತಿಲ್ಲ. ಮನೆಯಲ್ಲಿ ನಾನು ಅವಳ ಮುಂದೆ ಇದನ್ನು ಹೊಗಳಿ ಹೇಳಿದವನಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಅವಳು ಮೊದಲೇ ಹೋಗುವುದರಿಂದ ನಮ್ಮ ಮನೆಯ ಕ್ಯಾನು ಹೊತ್ತು ಸಾಲಿನಲ್ಲಿ ನಿಲ್ಲುವುದು ನನ್ನ ಪಾಲಿನ ಕೆಲಸ. ಒಂದು ದಿನ ಬಕೆಟ್ಟಿನ ಹಾಲನ್ನು ಕ್ಯಾನಿಗೆ ಬಗ್ಗಿಸಿದ ಮೇಲೆ ತಳದಲ್ಲಿ ನೊರೆ ಮೆತ್ತಿಕೊಂಡಿದ್ದು ಕಾಣಿಸಿತು. ನಮ್ಮ ಮನೆಯಲ್ಲಿ ಹಾಲಿನ ಪಾತ್ರೆಯನ್ನು ಹಾಗೇ ಬಚ್ಚಲಿಗೆ ಬಗ್ಗಿಸುವ ಪದ್ಧತಿಯಿಲ್ಲ. ನೀರು ಹಾಕಿ ಅಲುಗಿಸಿ, ಆ ನೀರನ್ನೂ ಹಾಲಿಗೇ ಸೇರಿಸಬೇಕು, ಲಕ್ಷ್ಮಿಯನ್ನು ಚೆಲ್ಲಬಾರದು ಎಂದು ಅಮ್ಮ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದರು. ನಾನು ಭಕ್ತಿಯಿಂದ ಒಂದು ಚೊಂಬು ನೀರು ಹಾಕಿ ಬಕೆಟ್ಟು ತೊಳೆದು, ಅಷ್ಟನ್ನೂ ಕ್ಯಾನಿಗೆ ಸುರಿದೆ. ಕಾಫಿಗೆ ಇಟ್ಟುಕೊಳ್ಳುವ ಹಾಲಿಗೂ ಡೇರಿಗೆ ಹಾಕುವ ಹಾಲಿಗೂ ವ್ಯತ್ಯಾಸವಿದೆ ಎನ್ನುವುದು ಆ ಹೊತ್ತಿಗೆ ಹೊಳೆಯಲೇ ಇಲ್ಲ. ಮೀಟರು ಮುಳುಗಿತು. ವರಲಕ್ಷ್ಮಿ ಎರಡು ಸಲ ನೋಡಿದಳು, ನನ್ನ ಮುಖವನ್ನೂ ಒಂದು ಸಲ ನೋಡಿದಳು. ಆಮೇಲೆ ಎಲ್ಲರಿಗೂ ಹೇಳುವ ಅದೇ ದನಿಯಲ್ಲಿ, ಡಿಗ್ರಿ ಬಂದಿಲ್ಲ, ವಾಪಸ್ ತಗೊಂಡೋಗಿ ಎಂದಳು. ಸಾಲಿನಲ್ಲಿದ್ದ ಹೆಂಗಸರೆಲ್ಲ ಸೆರಗು ಬಾಯಿಗೆ ಹಿಡಿದರು.

ಹೆಂಡತಿಯ ಕೈಲಿ ಹಾಲು ವಾಪಸ್ಸು ಮಾಡಿಸಿಕೊಂಡ ಗಂಡನ ನಡಿಗೆ ಹೇಗಿರುತ್ತದೆ ಎಂದು ಅನುಭವಿಸಿದವರಿಗೇ ಗೊತ್ತು. ಅಶ್ವತ್ಥಕಟ್ಟೆಯ ಹತ್ತಿರ ಯಾರೋ ಯಾಕೆ ಮೇಷ್ಟ್ರೇ ಕ್ಯಾನು ಭಾರವಾಗಿದೆ ಎಂದರು. ಆಗ ನನ್ನ ಬಾಯಿಂದ ಬಂದದ್ದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. "ಮನೇಲೂ ಅವಳೇ ಸರ್ವಾಧಿಕಾರಿ, ಡೇರೀಲೂ ಅವಳೇ ಸರ್ವಾಧಿಕಾರಿ, ಏನ್ ಮಾಡೋದು" ಎಂದುಬಿಟ್ಟೆ. ಟೀವಿಯ ಮುಂದೆ ತಟ್ಟೆ ಬಿಟ್ಟು ಎದ್ದು ನಿಂತವನೂ ನಾನೇ.

ಆ ಮಾತು ನನಗಿಂತ ಮುಂಚೆ ಊರು ಸುತ್ತಿತು. ಮೇಷ್ಟ್ರೇ ಹೇಳಿದ್ದು, ಅದೂ ಕಟ್ಟಿಕೊಂಡ ಗಂಡನೇ ಹೇಳಿದ್ದು ಎಂದ ಮೇಲೆ ಸುಳ್ಳಾದೀತೇ. ನಮ್ಮೂರಿಗೆಲ್ಲ ಹೆಚ್ಚು ಹಸು ಇರುವ ಯಶೋದಮ್ಮನ ಹಾಲು ಆ ತಿಂಗಳಲ್ಲೇ ಮೂರು ಸಲ ವಾಪಸ್ಸಾಗಿತ್ತು. ಅವರಿಗೆ ಬೇಕಾಗಿದ್ದ ಪದವನ್ನು ನಾನೇ ಕೈಗೆ ಕೊಟ್ಟಂತಾಯಿತು. ಸೆಕ್ರೆಟರಿ ಸರ್ವಾಧಿಕಾರ ನಡೆಸ್ತಾಳೆ, ಬದಲಾಯಿಸಬೇಕು ಎಂದು ಅರ್ಜಿ ಬರೆಸಿ, ಮನೆಮನೆಗೆ ಹೋಗಿ ಸಹಿ ಹಾಕಿಸಿದರು. ಸಂಘದ ಅಧ್ಯಕ್ಷೆ ಮುನಿಯಮ್ಮನವರು ವಿಶೇಷ ಸಭೆ ಕರೆದರು. ವರಲಕ್ಷ್ಮಿ ಮನೆಯಲ್ಲಿ ನನ್ನನ್ನು ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಕಟ್ಟಿದ್ದ ಕೆಲಸ ನನ್ನ ಒಂದು ಮಾತಿಗೆ ಹೋಗುತ್ತದಲ್ಲ ಎಂದು ನನಗೆ ಅನ್ನ ಸೇರುತ್ತಿರಲಿಲ್ಲ.

ಅಕ್ಷರ ದುಂಡಗಿದೆ ಎಂದು ಸಂಘದ ನಡಾವಳಿ ಬರೆಯಲು ಯಾವಾಗಲೂ ನನ್ನನ್ನೇ ಕರೆಯುತ್ತಾರೆ. ಅವತ್ತೂ ಪುಸ್ತಕ ಹಿಡಿದು ಮೂಲೆಯಲ್ಲಿ ಕೂತೆ. ಜೇಬಿನಲ್ಲಿ ಸರ್ವಾಧಿಕಾರದ ಆರು ಲಕ್ಷಣಗಳನ್ನು ಬರೆದುಕೊಂಡ ಚೀಟಿ ಇತ್ತು. ಅವುಗಳಲ್ಲಿ ಒಂದೂ ವರಲಕ್ಷ್ಮಿಗೆ ಹೊಂದುವುದಿಲ್ಲ ಎಂದು ಸಾಬೀತು ಮಾಡುವ ಯೋಚನೆ. ಯಶೋದಮ್ಮ ಎದ್ದು, ಊರೇ ಆಡ್ತಾ ಇದೆ, ಈಯಮ್ಮನ ಸರ್ವಾಧಿಕಾರ ನಮಗೆ ಸಾಕಾಯ್ತು ಎಂದು ಹೇಳಿ ಕೂತರು. ನಾನು ಚೀಟಿ ತೆಗೆಯುವಷ್ಟರಲ್ಲಿ ವರಲಕ್ಷ್ಮಿ ಎದ್ದಳು. ಕೈಯಲ್ಲಿ ಆ ಗಾಜಿನ ಮೀಟರು ಇತ್ತು. ಅದನ್ನು ಅಧ್ಯಕ್ಷೆಯ ಮುಂದೆ ಮೇಜಿನ ಮೇಲಿಟ್ಟಳು.

"ಆ ಪದ ನನಗೆ ಗೊತ್ತಿಲ್ಲ, ನಾನು ಅಷ್ಟು ಓದಿಲ್ಲ. ನಮ್ಮನೆ ಹಾಲೂ ಇದರಲ್ಲೇ ನೋಡಿದೆ, ನಿಮ್ಮನೆ ಹಾಲೂ ಇದರಲ್ಲೇ ನೋಡಿದೆ. ಡಿಗ್ರಿ ಬರ್ದೇ ಇದ್ದಾಗ ನಮ್ಮನೆಯವರನ್ನೂ ಕ್ಯಾನು ಹೊರಿಸಿ ವಾಪಸ್ ಕಳ್ಸಿದೀನಿ, ನೀವೆಲ್ಲ ನೋಡಿದೀರ. ನಾಳೆ ಬೆಳಗ್ಗೆ ಯಾರು ಬೇಕಾದ್ರೂ ಬಂದು ಈ ಮೀಟರು ಹಿಡ್ಕೊಳ್ಳಿ, ಬೇಜಾರಿಲ್ಲ. ನಮ್ಮನೆ ಕ್ಯಾನು ಮೊದಲು ಇಡ್ತೀನಿ. ನಿಮ್ಮಕ್ಕನ ಹಾಲು, ತಂಗಿ ಹಾಲು, ಗಂಡ ತಂದ ಹಾಲು, ಎಲ್ಲಾ ಒಂದೇ ಥರ ನೋಡ್ಬೇಕು, ಅಷ್ಟೇ."

ಯಾರೂ ಏಳಲಿಲ್ಲ. ಯಶೋದಮ್ಮನೂ ಮೀಟರಿನ ಕಡೆ ನೋಡಿ ಕೂತಲ್ಲೇ ಕೂತರು. ಗಂಡ ತಂದ ಹಾಲನ್ನು ಊರ ಮುಂದೆ ಹಿಂದಕ್ಕೆ ಕಳಿಸುವ ಎದೆ ಬೇಕಲ್ಲ. ನನ್ನ ಚೀಟಿಯನ್ನು ನಾನು ಮತ್ತೆ ಜೇಬಿಗೆ ತುರುಕಿದೆ. ಆರು ಲಕ್ಷಣ ಹೇಳಿ ನಾನು ಮಾಡಲಾಗದ ಪಾಠವನ್ನು ಅವಳು ಒಂದು ಮೀಟರು ಇಟ್ಟು ಮಾಡಿದ್ದಳು. ಎರಡು ಎಮ್ಮೆ ಸಾಕಿಕೊಂಡಿರುವ ಜುಬೇದಾಬಿ ಮೊದಲು ಕೈ ಎತ್ತಿ, ವರಲಕ್ಷ್ಮಕ್ಕಾನೇ ಇರಲಿ ಎಂದರು. ಆಮೇಲೆ ಕೈಗಳು ಒಂದಾದ ಮೇಲೆ ಒಂದು ಎದ್ದವು. ಅರ್ಜಿಗೆ ಸಹಿ ಹಾಕಿದ್ದವರ ಕೈಗಳೂ ಅದರಲ್ಲಿದ್ದವು. ಹೆಮ್ಮೆಯಲ್ಲಿ ನಾನೂ, ಸಂಘದ ಸದಸ್ಯನಲ್ಲದಿದ್ದರೂ, ಎಡಗೈ ಅರ್ಧ ಎತ್ತಿದ್ದೆ.

ಆಗ ಮುನಿಯಮ್ಮನವರು ನಡಾವಳಿ ಹೇಳಿ ಬರೆಸತೊಡಗಿದರು. ಸೆಕ್ರೆಟರಿಯವರನ್ನು ಸರ್ವಾಧಿಕಾರಿ ಎಂದು ಕರೆದದ್ದು ತಪ್ಪೆಂದು ಸಭೆ ಒಮ್ಮತದಿಂದ ತೀರ್ಮಾನಿಸಿದೆ ಎಂದರು. ಬರೆದೆ. ಹಾಗೆ ಕರೆದವರು ಯಾರು ಅಂತಾನೂ ಹಾಕ್ಬೇಕಲ್ವಾ ಎಂದು ಯಾರೋ ಕೇಳಿದರು. ವರಲಕ್ಷ್ಮಿ ಥಟ್ಟನೆ, ಅದೆಲ್ಲ ಬೇಡ ಬಿಡಿ ಎಂದಳು. ನಾನೂ ಬೇಡವೆನ್ನುವಂತೆ ಪೆನ್ನಿನ ಮುಚ್ಚಳ ಹುಡುಕಿದೆ.

"ಯಾಕೆ ಬೇಡ? ಯಾರನ್ನೂ ಕೇಳ್ಬೇಕಾಗಿಲ್ಲ. ಬರೀತಾ ಇರೋರಿಗೇ ಗೊತ್ತು" ಎಂದರು ಜುಬೇದಾಬಿ.

ಸಭೆಯೆಲ್ಲ ನಕ್ಕಿತು. ವರಲಕ್ಷ್ಮಿಯೂ ತಲೆ ತಗ್ಗಿಸಿ ನಗುತ್ತಿದ್ದಳು. ನಾನು ಹೊಸ ಸಾಲು ತೆಗೆದುಕೊಂಡು ಬರೆದೆ: 'ಸದರಿ ಪದವನ್ನು ಮೊದಲು ಬಳಸಿದವರು ಈ ನಡಾವಳಿಯನ್ನು ಬರೆಯುತ್ತಿರುವ ಸಮಾಜ ವಿಜ್ಞಾನ ಶಿಕ್ಷಕರು. ಅವರಿಗೆ ಪದದ ಅರ್ಥ ಗೊತ್ತಿತ್ತು.' ಪುಸ್ತಕವನ್ನು ಸಹಿಗೆ ಕೊಟ್ಟೆ. ಮುನಿಯಮ್ಮನವರು ಪುಟವನ್ನು ದೂರ ಹಿಡಿದು ನೋಡಿ, ಎಂದಿಗಿಂತ ಇವತ್ತು ಅಕ್ಷರ ಇನ್ನೂ ದುಂಡಗೆ ಬಂದಿದೆ ಎಂದು ಮೆಚ್ಚಿಕೊಂಡರು.