ಕಾಮಾಕ್ಷಮ್ಮನ ದಿಕ್ಕಿನ ಸೂರ್ಯ

ಕನಕಲಕ್ಷ್ಮಿಗೆ ಈ ಲೋಕದಲ್ಲಿ ಯಾರ ಮೇಲೂ ಸಿಟ್ಟಿರಲಿಲ್ಲ, ಪಕ್ಕದ ಮನೆಯ ಕಾಮಾಕ್ಷಮ್ಮ ಮೂರನೆಯ ಅಂತಸ್ತು ಕಟ್ಟಿಸುವ ತನಕ.

ಹೊಳೆನರಸೀಪುರದ ಕೋಟೆ ಬೀದಿಯಲ್ಲಿ ಮಹಿಳಾ ಭಜನಾ ಮಂಡಳಿಯದೊಂದು ಪುಟ್ಟ ಮಂದಿರವಿದೆ. ಕನಕಲಕ್ಷ್ಮಿ ಅದರ ಅಧ್ಯಕ್ಷೆ. ಪತಿ ಸಂಪತ್ಕುಮಾರರು, ನಿವೃತ್ತ ಮೇಷ್ಟ್ರು, ಅದರ ಕಾರ್ಯದರ್ಶಿ. (ಮಹಿಳಾ ಮಂಡಳಿಗೆ ಗಂಡಸು ಕಾರ್ಯದರ್ಶಿ ಹೇಗೆ ಎಂದು ಕೇಳಬೇಡಿ. ಅರ್ಜಿ ಬರೆದು, ಬೆಲ್ಲದ ಚೀಲ ಹೊರುವುದಕ್ಕೆ ಬೇರೆ ಯಾವ ಹೆಂಗಸೂ ಒಪ್ಪಿರಲಿಲ್ಲ.) ಶನಿವಾರ ಬಂತೆಂದರೆ ಮಂದಿರದ ಹಿತ್ತಿಲಲ್ಲಿ ಸೌದೆ ಒಲೆ ಹಚ್ಚಿ, ಮಡಿಯುಟ್ಟು ಅವಳೇ ಪೊಂಗಲ್ ಮಾಡಬೇಕು, ಶ್ರೀನಿವಾಸನಿಗೆ ನೈವೇದ್ಯವಾಗಬೇಕು, ಆಮೇಲೆ ಬೀದಿಗೆಲ್ಲ ದೊನ್ನೆ ಹಂಚಬೇಕು. ಅವಳ ಪಾಲಿಗೆ ವಾರವೆಂದರೆ ಶನಿವಾರ. ಉಳಿದ ದಿನಗಳೆಲ್ಲ ಅದಕ್ಕೆ ಅಕ್ಕಿ ಆರಿಸುವುದಕ್ಕಾಗಿ ಇದ್ದವು.

ಕಾಮಾಕ್ಷಮ್ಮ ಕಟ್ಟಾಯದ ಕಡೆಯ ಜಮೀನುಳ್ಳ ಮನೆಯವರು, ಪೇಟೆಗೆ ಬಂದು ನೆಲೆಸಿದವರು. ಅವರ ಹೊಸ ಬಾಲ್ಕನಿ ಮಂದಿರದ ನೆತ್ತಿಯ ಮೇಲೇ ಬಂತು. ಹಿತ್ತಿಲಿನ ಹೊಗೆಯೂ ನೆಂಟರ ಮನೆಗೆ ಹೋದಂತೆ ನೇರವಾಗಿ ಬಾಲ್ಕನಿಗೇ ಹೋಯಿತು.

“ಅಮ್ಮೋರೆ, ನಿಮ್ಮ ದೇವ್ರು ಪೊಂಗಲ್ ತಿಂತಾನೆ, ನನ್ ಬೆಡ್‌ಶೀಟು ಒಗೆ ತಿಂತದೆ! ಎಷ್ಟು ಸಲಾಂತ ಒಗ್ಸನ?”

“ಸ್ವಾಮಿಯ ಹೊಗೆ ಕಾಮಾಕ್ಷಮ್ಮಾ. ಸಾಂಬ್ರಾಣಿ ಅಂದ್ಕೊಳ್ಳಿ.”

“ಸಾಂಬ್ರಾಣಿಗೆ ಕಣ್ಣು ಇಂಗೆ ಉರಿಯಾಕಿಲ್ಲ ಕಣ್ರಮ್ಮಾ. ಇರಿ, ಪುರಸಭೆಗೇ ಓಗಿ ಕೇಳ್ತೀನಿ.”

ಅಂದು ಸಂಜೆಯೇ ಸೊಸೆ ಶ್ರೀಗೌರಿ ಮೊಬೈಲ್ ನೋಡುತ್ತ ಓದಿದಳು: ಹೊಗೆ ಮತ್ತು ಇಂಗಾಲ ತಗ್ಗಿಸುವ ಸಂಘಸಂಸ್ಥೆಗಳಿಗೆ ಪುರಸಭೆಯಿಂದ ಸಹಾಯಧನ, ಬೇಕಾದವರಿಗೆ ಬಿಸಿಲಿನಲ್ಲೇ ಅಡುಗೆಯಾಗುವ ಸೌರ ಪೆಟ್ಟಿಗೆ. ಕನಕಲಕ್ಷ್ಮಿ ದೇವರ ಮನೆಯ ಕಡೆ ತಿರುಗಿ ಕೈಮುಗಿದಳು. ಬಳಿಕ ಬೀದಿಗೆ ಬಂದು, ಬಾಲ್ಕನಿಗೆ ಕೇಳುವಷ್ಟು ಗಟ್ಟಿಯಾಗಿ ಘೋಷಿಸಿದಳು: “ಇನ್ನು ಈ ಹಿತ್ತಿಲಲ್ಲಿ ಸೌದೆ ಹಚ್ಚಿದರೆ ನಾನು ಕನಕಲಕ್ಷ್ಮಿಯೇ ಅಲ್ಲ! ಹೊಗೆ ಇಲ್ಲದೆ ಪೊಂಗಲ್ ಮಾಡಿ ತೋರಿಸ್ತೀನಿ!”

“ಒಂದು ಸಲ ಯೋಚನೆ ಮಾಡಿ ಹೇಳಬಹುದಿತ್ತಲ್ಲೇ,” ಎಂದರು ಸಂಪತ್ಕುಮಾರರು.

“ಯೋಚನೆ ನೀವು ಮಾಡಿ. ಅರ್ಜಿ ಬರೀವಾಗ.”

ಮಾತಿಗೆ ತಪ್ಪುವವಳಲ್ಲ. ಮರುದಿನವೇ ಒಲೆ ಒಡೆಸಿ ಆ ಜಾಗದಲ್ಲಿ ತುಳಸಿ ನೆಟ್ಟಳು.

ಅರ್ಜಿ ಕೊಟ್ಟ ವಾರದೊಳಗೇ, ಮಾಘ ಮಾಸದಲ್ಲಿ, ಪೆಟ್ಟಿಗೆ ಬಂತು. ಒಳಗೆಲ್ಲ ಕಪ್ಪು, ಮೇಲೊಂದು ಗಾಜು, ಗಾಜಿನ ಬೆನ್ನಿಗೆ ಬಿಸಿಲನ್ನು ಒಳಕ್ಕೆ ಬೀಳಿಸುವ ಕನ್ನಡಿ. ಮಂದಿರದ ತಾರಸಿಯ ಮೇಲಿಟ್ಟರು. ಎರಡನೆಯ ಶನಿವಾರ ಪುರಸಭೆಯವರು ಬಂದು ನೋಡುತ್ತಾರೆ. ಬೆಂದಿದ್ದರೆ ಪೆಟ್ಟಿಗೆ ಮಂಡಳಿಯದು, ಬೇಯದಿದ್ದರೆ ವಾಪಸ್. ಗ್ಯಾಸ್ ಒಲೆ ಅವಳ ಮಡಿಗೆ ಒಗ್ಗದು. ಸೌದೆ ಒಲೆಯೂ ಇಲ್ಲ, ಪೆಟ್ಟಿಗೆಯೂ ಇಲ್ಲವೆಂದಾದರೆ ಶನಿವಾರವೇ ಇಲ್ಲ.

ಮೊದಲ ಶನಿವಾರ ಕನಕಲಕ್ಷ್ಮಿ ಅಕ್ಕಿ ಬೇಳೆ ತೊಳೆದಿಟ್ಟು, ಗಾಜು ಮುಚ್ಚಿ, ಕೈಮುಗಿದು ತಲೆ ಎತ್ತಿದಳು. ಕನ್ನಡಿಯಲ್ಲಿ ಕಾಮಾಕ್ಷಮ್ಮ ಕಂಡರು, ಮೂಗುಬೊಟ್ಟಿನ ಸಮೇತ. ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದರು.

ಸ್ವಾಮಿಗೆ ಅರ್ಪಿತವಾಗುವ ಮುನ್ನ ನೈವೇದ್ಯದ ಮೇಲೆ ಯಾರ ದೃಷ್ಟಿಯೂ ಬೀಳಬಾರದು. ಇಷ್ಟು ವರ್ಷದ ಸಂಸಾರದಲ್ಲಿ ಸ್ವಂತ ಗಂಡನಿಗೂ ಅವಳು ಬೇಯುವ ಪೊಂಗಲ್ ತೋರಿಸಿದವಳಲ್ಲ.

“ಪಾತ್ರೆಗೆ ಮುಚ್ಚಳ ಇದೆಯಲ್ಲೇ,” ಎಂದರು ಯಜಮಾನರು, ಮೆಟ್ಟಿಲ ಕೆಳಗಿನಿಂದಲೇ.

“ಬೆಂದಿದೆಯಾ ಅಂತ ಮುಚ್ಚಳ ತೆಗೆದು ನೋಡೋದು ಬೇಡವಾ? ಆಗ ಅವರೂ ನೋಡ್ತಾರೆ!”

“ಸೂರ್ಯ ನೋಡಬಹುದೋ?”

“ಸೂರ್ಯನಾರಾಯಣ ನೋಡಿದರೆ ಪುಣ್ಯ. ಕಾಮಾಕ್ಷಮ್ಮ ನೋಡಿದರೆ ದೋಷ.”

ಬಾಲ್ಕನಿಯ ಕಡೆಗೆ ಎರಡು ಮಡಿಸೀರೆ ಎತ್ತರಕ್ಕೆ ಕಟ್ಟಿದಳು. ದೋಷವೇನೋ ನಿಂತಿತು. ಆದರೆ ಕಾಮಾಕ್ಷಮ್ಮನ ಮನೆ ಇದ್ದದ್ದು ದಕ್ಷಿಣಕ್ಕೆ. ಆ ದಿನಗಳಲ್ಲಿ ಸೂರ್ಯನ ಓಡಾಟವೂ ಆ ಕಡೆಗೇ. ದೋಷದ ಜೊತೆಗೆ ಪುಣ್ಯವೂ ಸೀರೆಯ ಆಚೆಗೇ ನಿಂತುಬಿಟ್ಟಿತು. ಮಧ್ಯಾಹ್ನ ಗಾಜು ತೆಗೆದರೆ ಅಕ್ಕಿ ಹಾಕಿದ ಹಾಗೇ ತಣ್ಣಗೆ ಮಲಗಿತ್ತು. ಶ್ರೀನಿವಾಸನಿಗೆ ಅಂದು ಅವಲಕ್ಕಿ ಬೆಲ್ಲ. ಬೀದಿಗೂ ಅದೇ. “ಯಾಕಮ್ಮಾ, ಸ್ವಾಮಿಗೆ ಮೈ ಸರಿ ಇಲ್ವೇ?” ಎಂದು ಕೇಳಿದವರೂ ಉಂಟು.

“ಹೋಗಿ ಒಂದು ಮಾತು ಕೇಳಿಕೋ. ಶನಿವಾರ ಆ ಬಾಗಿಲು ಹಾಕ್ಕೊಂಡಿರಿ ಅಂತ,” ಎಂದರು ಸಂಪತ್ಕುಮಾರರು.

“ನಾನು? ಅವರನ್ನ? ಕೇಳಿಕೊಳ್ಳೋದು? ಅಕ್ಕಿ ಹಸಿಯಾಗೇ ಇರಲಿ!”

ಎರಡನೆಯ ಶನಿವಾರ ಮತ್ತೆ ಸೀರೆ ಕಟ್ಟತೊಡಗಿದಾಗ ಗಂಡಹೆಂಡಿರ ಜಗಳ ಮೂರನೆಯ ಅಂತಸ್ತನ್ನೂ ಮುಟ್ಟಿತು.

“ಅಯ್ಯೋ ಅಮ್ಮೋರೆ, ಇಷ್ಟೇನಾ? ಮೊದ್ಲೇ ಏಳ್ಬಾರ್ದಾ? ತಕಳಿ, ತಿರುಕ್ಕೊಂಡೆ!” ಕಾಮಾಕ್ಷಮ್ಮ ಕುರ್ಚಿಯನ್ನು ಬೆನ್ನು ಮಾಡಿ ಹಾಕಿಕೊಂಡರು.

ಸೀರೆ ಬಿಚ್ಚಿದಳು. ಬಿಸಿಲು ಬಿತ್ತು. ಹೊತ್ತು ಏರಿದಂತೆ ಗಾಜು ಬೆವರಿತು, ಪಾತ್ರೆಯೊಳಗೆ ಕುದಿಯ ಸದ್ದು ಶುರುವಾಯಿತು. ಕನಕಲಕ್ಷ್ಮಿಯ ಕಣ್ಣು ತುಂಬಿ ಬಂತು. ಗಾಜು ಎತ್ತಿ ಬೆಲ್ಲ ಏಲಕ್ಕಿ ಹಾಕಿದಳಷ್ಟೆ, ಕುರ್ಚಿಯ ಬೆನ್ನು ಮಾತಾಡಿತು:

“ನಾನು ನೋಡ್ತಿಲ್ಲ ಕಣ್ರಮ್ಮಾ. ಆದ್ರೆ ಏಲಕ್ಕಿ ಒಸಿ ಜಾಸ್ತಿ ಆಯ್ತು ಅನ್ಸುತ್ತೆ. ಗಮಾ ಅಂತದೆ!”

ಕನಕಲಕ್ಷ್ಮಿ ಆ ಪಾತ್ರೆಯನ್ನು ಎತ್ತಿ ಬದಿಗಿಟ್ಟಳು. ದೃಷ್ಟಿಯಾದರೆ ಬರೀ ದೋಷ. ಅರ್ಪಣೆಗೆ ಮುಂಚೆ ಮೂಸಿಬಿಟ್ಟರೆ ಅದು ಎಂಜಲಿಗೇ ಸಮ! ಬೇರೆ ಅಕ್ಕಿ ಬೇಳೆ ಹೊಸದಾಗಿ ತೊಳೆದಿಟ್ಟಳು. ಈ ಸಲ ಎರಡು ಸೀರೆಯ ಮೇಲೊಂದು ಜಮಖಾನವನ್ನೂ ಹೊದಿಸಿ, ಪೆಟ್ಟಿಗೆಯ ಮುಂದೆ ಕಾವಲಿಗೆ ನಿಂತಳು.

ಪುರಸಭೆಯ ರುದ್ರೇಶ ಬಂದದ್ದು ಆಗಲೇ.

“ಮೇಡಂ, ಬಿಸಿಲಿನ ಒಲೆ ಎಲ್ಲಿ?”

“ಜಮಖಾನದ ಒಳಗೆ.”

ರುದ್ರೇಶ ಸಂಪತ್ಕುಮಾರರ ಕಡೆ ನೋಡಿದ. ಅವರು ಆಕಾಶದ ಕಡೆ ನೋಡಿದರು.

“ತೆಗೆದು ತೋರ್ಸಿ ಮೇಡಂ, ಅಡುಗೆ ಕಾಣೋ ಹಾಗೆ ಒಂದು ಜಿಪಿಎಸ್ ಫೋಟೋ ಹಾಕ್ಬೇಕು.”

“ಫೋಟೋನಾ? ಸ್ವಾಮಿ ನೋಡೋಕೆ ಮುಂಚೆ ನಿಮ್ಮ ಆಫೀಸೆಲ್ಲ ನೋಡೋದಾ? ಪೆಟ್ಟಿಗೆ ಬೇಕಾದರೆ ಹೊತ್ತುಕೊಂಡು ಹೋಗಿ. ಜಮಖಾನ ಮುಟ್ಟಬೇಡಿ!”

ರುದ್ರೇಶ ಒಳ್ಳೆಯ ಹುಡುಗ. ಅವನ ಮನೆಯಲ್ಲೂ ಅಜ್ಜಿ ಇದ್ದಿರಬೇಕು. ತಲೆ ಕೆರೆದುಕೊಂಡು ಸುತ್ತಲೂ ನೋಡಿ, ಕೊನೆಗೆ ಮೇಲಕ್ಕೆ ನೋಡಿದ. “ಒಂದು ಕೆಲ್ಸ ಮಾಡಿ. ಬೀದೀಲೆಲ್ಲ ಎತ್ತರದ ತಾರಸಿ ಅದೇ ಅಲ್ವಾ? ಅಲ್ಲಿ ಇಡೀ ದಿನ ಬಿಸಿಲು, ಅದಕ್ಕಿಂತ ಮೇಲಿಂದ ಇಣುಕೋರು ಯಾರೂ ಇಲ್ಲ. ಮುಂದಿನ ಶನಿವಾರ ಅಲ್ಲಿ ಬೇಯಿಸಿ. ಫೋಟೋ ನೈವೇದ್ಯ ಆದ್ಮೇಲೇ ತಗೋತೀನಿ.”

“ಅದೇ” ಎಂದರೆ ಕಾಮಾಕ್ಷಮ್ಮನ ತಾರಸಿ.

ಕನಕಲಕ್ಷ್ಮಿ ಶ್ರೀನಿವಾಸನ ಮುಂದೆ ಬಹಳ ಹೊತ್ತು ಕುಳಿತಳು. ಅವನಿಗೆ ಇನ್ನೊಂದು ಶನಿವಾರ ಅವಲಕ್ಕಿ ತಿನ್ನಿಸಲು ಮನಸ್ಸು ಬರಲಿಲ್ಲ. ಎದ್ದವಳೇ ಪಕ್ಕದ ಮನೆಯ ಮೆಟ್ಟಿಲು ಹತ್ತಿದಳು. ತಲೆ ಮಾತ್ರ ತಗ್ಗಿಸಲಿಲ್ಲ.

“ಕಾಮಾಕ್ಷಮ್ಮಾ, ನಾನು ಬೇಡೋಕೆ ಬಂದಿಲ್ಲ. ಹೇಳೋಕೆ ಬಂದಿದ್ದೀನಿ. ನಿಮ್ಮ ತಾರಸಿ ಸ್ವಾಮಿಗೆ ಬೇಕು.”

“ಅದ್ಕೇನಂತೆ, ಧಾರಾಳವಾಗಿ ತಕಳಿ. ನೈವೇದ್ಯ ಆಗಗಂಟ ನಾನು ಮ್ಯಾಕೆ ಕಾಲಿಡಾಕಿಲ್ಲ.” ಕಾಮಾಕ್ಷಮ್ಮ ಎಲೆಯಡಿಕೆ ತಟ್ಟೆ ಮುಂದಿಟ್ಟು ನಕ್ಕರು. “ಆದ್ರೆ ಅಮ್ಮೋರೆ, ಮ್ಯಾಲೆ ಬ್ಯಾಡಗಿ ಮೆಣಸಿನಕಾಯಿ ಒಣಾಕಿವ್ನಿ. ಕ್ವಾತಿ ಕಾಟ. ಎಂಗೂ ನೀವು ಅಲ್ಲೇ ಇರ್ತೀರಲ್ಲ, ಒಸಿ ನೋಡ್ಕಳಿ.”

ಮೂರನೆಯ ಶನಿವಾರ ಪೊಂಗಲ್ ಬೆಂದಿತು. ಅಂತಿಂಥ ಬೇಯುವಿಕೆಯಲ್ಲ, ಸೌದೆ ಒಲೆಯಲ್ಲೂ ಅಷ್ಟು ಹದ ಬಂದಿರಲಿಲ್ಲ. ನೈವೇದ್ಯವಾಯಿತು, ಬೀದಿಯೆಲ್ಲ ದೊನ್ನೆ ನೆಕ್ಕಿತು, ರುದ್ರೇಶ ಎರಡು ಸಲ ಹಾಕಿಸಿಕೊಂಡು ಪೆಟ್ಟಿಗೆ ಮಂಡಳಿಗೇ ಎಂದ. ಮಧ್ಯೆ ಮಧ್ಯೆ ಉದ್ದನೆಯ ಕೋಲು ಹಿಡಿದು “ಹೋಗ್! ಹೋಗ್!” ಎಂದು ತಾರಸಿಯ ಉದ್ದಗಲಕ್ಕೂ ಓಡಿದ್ದನ್ನು ಬಿಟ್ಟರೆ ಅಧ್ಯಕ್ಷೆಯ ಘನತೆಗೆ ಯಾವ ಕುಂದೂ ಬರಲಿಲ್ಲ. ಪಾತ್ರೆಯ ಫೋಟೋ ಯಾರೂ ತೆಗೆಯದಂತೆ ಕಟ್ಟಪ್ಪಣೆ ಮಾಡಿದ್ದಳು. ಕಾಮಾಕ್ಷಮ್ಮನ ಮೊಮ್ಮಗಳು ಧನ್ಯಾ ತಾರಸಿಯ ಬಾಗಿಲಲ್ಲಿ ನಿಂತು ತೆಗೆದದ್ದು ಪಾತ್ರೆಯದಲ್ಲ.

ಕೆಲವು ವಾರ ಕಳೆದು ಒಂದು ಶನಿವಾರ, ಪೆಟ್ಟಿಗೆಯಲ್ಲಿ ಅಕ್ಕಿ ಬೇಳೆ ಇಟ್ಟು, ಮುಗಿದುಹೋದ ಬೆಲ್ಲ ತರಲು ಅವಳು ಗಂಡನ ಸ್ಕೂಟರಿನಲ್ಲಿ ಪೇಟೆಗೆ ಹೋದಳು. ಬಸ್ ಸ್ಟ್ಯಾಂಡಿನ ಎದುರು ಸಂಪತ್ಕುಮಾರರು ಗಾಡಿ ನಿಲ್ಲಿಸಿದರು.

ಎರಡಾಳೆತ್ತರದ ಫ್ಲೆಕ್ಸು. ಕಾಮಾಕ್ಷಮ್ಮನ ತಮ್ಮನ ಮಗ ಕುಮಾರನದೇ ಫ್ಲೆಕ್ಸ್ ಅಂಗಡಿ. “ಹೊಗೆ ಇಲ್ಲದ ಪೊಂಗಲ್‌ನ ರೂವಾರಿ, ಪರಿಸರ ಪ್ರೇಮಿ, ನಮ್ಮೆಲ್ಲರ ನೆಚ್ಚಿನ ಅತ್ತೆ ಶ್ರೀಮತಿ ಕಾಮಾಕ್ಷಮ್ಮನವರಿಗೆ ಹಾರ್ದಿಕ ಅಭಿನಂದನೆಗಳು.” ನಡುವೆ ರೇಷ್ಮೆ ಸೀರೆಯ ಕಾಮಾಕ್ಷಮ್ಮ ಕೈಮುಗಿದು ನಗುತ್ತಿದ್ದರು. ಕೆಳಗಿನ ಮೂಲೆಯಲ್ಲಿ, ಕಚ್ಚೆ ಸೀರೆ ಎತ್ತಿ ಕಟ್ಟಿ, ತಲೆಯ ಮೇಲೆ ಕೋಲು ಎತ್ತಿ, ಬಾಯಿ ತೆರೆದುಕೊಂಡು ಒಬ್ಬಾಕೆ ಓಡುತ್ತಿದ್ದಳು. ಹೆಸರಿರಲಿಲ್ಲ. “ಮತ್ತು ಅಡುಗೆಯವರು” ಎಂದಿತ್ತು.

ಸಂಪತ್ಕುಮಾರರು ನಗು ನುಂಗಲು ಮಾಡಿದ ಪ್ರಯತ್ನಕ್ಕೆ ಸ್ಕೂಟರೇ ಅಲುಗಾಡಿತು.

“ಗಾಡಿ ತಿರುಗಿಸಿ,” ಎಂದಳು ಕನಕಲಕ್ಷ್ಮಿ. ಅವಳ ಮುಖ ಕೆಂಪಗಾಗಿತ್ತು.

“ಬೆಲ್ಲ ಬೇಡವಾ?”

“ತಿರುಗಿಸಿ ಅಂದೆ.”

“ಎಲ್ಲಿಗೆ? ಕುಮಾರನ ಅಂಗಡಿಗೋ? ಜಗಳ ಬೇಡ ಕಣೇ, ನನ್ನ ಮಾತು ಕೇಳು...”

“ಜಗಳಕ್ಕೆ ಯಾರಿಗ್ರೀ ಪುರುಸೊತ್ತಿದೆ? ಮನೆಗೆ ನಡೀರಿ. ಕಾಮಾಕ್ಷಮ್ಮನ ಹೊಸ ಮೆಣಸಿನಕಾಯಿ ಹರಡಿ ಬಂದಿದ್ದೀನಿ, ಕೋತಿ ಬರೋ ಹೊತ್ತಾಯ್ತು!”