ನೀರಿಗೆ ಒಗ್ಗುವ ಶಾಸ್ತ್ರ

ನಮ್ಮ ಮಾವನವರು, ಅಂದರೆ ನನ್ನ ಗಂಡನ ತಂದೆ, ಜೀವಮಾನದಲ್ಲಿ ಒಂದು ಲೋಟ ನೀರನ್ನೂ ವಿಚಾರಣೆಯಿಲ್ಲದೆ ಬಿಟ್ಟವರಲ್ಲ. ಲೋಕದ ಜನ ನೀರನ್ನು ಸೋಸುತ್ತಾರೆ, ಹೆಚ್ಚೆಂದರೆ ಕಾಯಿಸುತ್ತಾರೆ. ಇವರು ನೀರಿನ ಕುಲಗೋತ್ರ ಕೇಳುತ್ತಿದ್ದರು! ಜಗಳೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಮೇಲೆ ಪಾಠ ಕೇಳಲು ಯಾರೂ ಸಿಗದೆ ನೀರಿನ ಮೇಲೆ ಬಿದ್ದರು ಎಂಬುದು ನಮ್ಮ ಅತ್ತೆಯ ಅಭಿಪ್ರಾಯ.

ಎಪ್ಪತ್ತರ ದಶಕದ ಕೊನೆಯಲ್ಲಿ, ನನ್ನ ತವರು ಹೊನ್ನಾಳಿಯಲ್ಲಿ ನಮ್ಮ ಮದುವೆಯಾಯಿತು. ಅಲ್ಲಿನ ಡ್ರಾಯಿಂಗ್ ಮೇಷ್ಟ್ರೊಬ್ಬರು ಮಾವನವರ ಹಳೆಯ ಗೆಳೆಯರು. ಉಡುಗೊರೆಯೆಂದು, ಗಾಜಿನ ತೊಟ್ಟಿಯಲ್ಲಿ ಸಾಕುವ ನಾಲ್ಕು ತ್ರಿಕೋನಾಕಾರದ ಏಂಜಲ್ ಮೀನು ಕೊಟ್ಟರು. ಹೀಗಾಗಿ ದಿಬ್ಬಣದ ಬಸ್ಸಿನಲ್ಲಿ ಸೊಸೆಯೂ ಮೀನುಗಳೂ ಒಟ್ಟಿಗೇ ಹೊರಟೆವು. ನಾನು ಅಳುತ್ತಿದ್ದೆ. ಮೀನುಗಳು ಅಳುತ್ತಿದ್ದವೋ ಇಲ್ಲವೋ, ನೀರಿನಲ್ಲಿದ್ದುದರಿಂದ ಗೊತ್ತಾಗಲಿಲ್ಲ. ಮಾವನವರು ಮಾತ್ರ ದಾರಿಯುದ್ದಕ್ಕೂ ತೊಡೆಯ ಮೇಲಿನ ಕ್ಯಾನಿನ ಮುಚ್ಚಳ ಸರಿಸಿ, "ಹೆದರಬ್ಯಾಡ್ರಪ್ಪ, ಇನ್ನೇನ್ ಊರು ಬಂತು" ಎಂದು ಸಮಾಧಾನ ಹೇಳುತ್ತಿದ್ದರು. ನನಗಲ್ಲ!

ಲಿಂಗವಂತರ ಮನೆಗೆ ಮೀನು ಬಂದಿತೆಂದು ಬೀದಿಯೇ ಬಾಗಿಲಿಗೆ ಬಂತು. ಪಕ್ಕದ ಮನೆಯ ಹಿರಿಯರು ಬಹಳ ಸಂಕೋಚದಿಂದ ಕೇಳಿದರು: "ಮೇಷ್ಟ್ರೇ, ಇವು ಸಾಕಾಕೋ, ಇಲ್ಲಾ…?"

"ನೋಡಾಕೆ!" ಎಂದರು ಮಾವನವರು.

ಅತ್ತೆ ಅಲ್ಲಿಯೇ ಶಾಸನ ಹೊರಡಿಸಿದರು. "ಅವು ಅಡುಗೆಮನೆ ಹೊಸ್ತಿಲು ದಾಟಂಗಿಲ್ಲ. ಅವುಗಳ ನೀರೂ ದಾಟಂಗಿಲ್ಲ, ನೀರಿನ ಕ್ಯಾನೂ ದಾಟಂಗಿಲ್ಲ. ದಾಟಿದ ದಿನ ನಾನು ಒಲೆ ಹಚ್ಚಂಗಿಲ್ಲ."

ನನ್ನ ಕಷ್ಟ ಬೇರೆಯೇ ಇತ್ತು. ನಾನು ತುಂಗಭದ್ರೆಯ ಮೆದು ನೀರು ಕುಡಿದು ಬೆಳೆದವಳು. ಜಗಳೂರಿನ ಬಾವಿ ನೀರಿನಲ್ಲಿ ಬೇಳೆ ಬೇಯದು, ಸೋಪು ನೊರೆ ಬಿಡದು, ಕಾಯಿಸಿದ ಪಾತ್ರೆಯ ತಳಕ್ಕೆ ಸುಣ್ಣ ಬಳಿದಂತಾಗುವುದು. ನನ್ನ ಗಂಟಲಿಗಂತೂ ಅದು ಇಳಿಯಲೇ ಇಲ್ಲ. ಬಳೆಗಳು ಮೊಳಕೈವರೆಗೆ ಜಾರತೊಡಗಿದವು. ಮೊದಲ ತಿಂಗಳಲ್ಲೇ ತೀರ್ಮಾನಿಸಿಬಿಟ್ಟೆ: ಪಂಚಮಿ ಹಬ್ಬಕ್ಕೆ ಅಪ್ಪ ಕರೆಯಲು ಬರುತ್ತಾರೆ, ಹೋದವಳು ಮರಳಿ ಬರುವುದಿಲ್ಲ! ಇದನ್ನು ಗಂಡನಿಗೂ ಹೇಳಲಿಲ್ಲ. ದೇವರಿಗೆ ಹೇಳಿದ್ದೆ, ಅವನು ಯಾರ ಮುಂದೆಯೂ ಬಾಯಿ ಬಿಡಲಿಲ್ಲ.

ಆದರೆ ಆ ಮನೆಯಲ್ಲಿ ನೀರು ಒಗ್ಗದ ಚಿಂತೆಯೆಲ್ಲ ಮೀನುಗಳಿಗೆ ಮೀಸಲಾಗಿತ್ತು. ಪಿ.ಎಚ್. ಎಂಬ ಎರಡಕ್ಷರವನ್ನು ಮಾವನವರು ಪಂಚಾಕ್ಷರಿಯ ಭಕ್ತಿಯಿಂದ ಉಚ್ಚರಿಸುತ್ತಿದ್ದರು. ಏಳಾದರೆ ನೀರು ಸಮ, ಇಳಿದರೆ ಹುಳಿ, ಏರಿದರೆ ಕ್ಷಾರ. ಅಳೆಯುವುದು ಹೇಗೆ? ದಾಸವಾಳದ ಹೂವನ್ನು ಒರಟು ಕಾಗದಕ್ಕೆ ತಿಕ್ಕಿ ಒಣಗಿಸಿ, ಪಟ್ಟಿ ಕತ್ತರಿಸಿ, ನೀರಿಗೆ ಅದ್ದುವುದು. ಹುಳಿಗೆ ಕೆಂಪು, ಕ್ಷಾರಕ್ಕೆ ಹಸಿರು. ಪೂಜೆಯ ಗಿಡ ಬೋಳಾಯಿತು.

"ಶಿವನಿಗಿಲ್ಲದ ಹೂವು ಮೀನಿಗೇನ್ರೀ?"

"ಶಿವ ಎಂಥ ನೀರನ್ನಾದ್ರೂ ತಲೆ ಮ್ಯಾಲೆ ಹೊತ್ಕಂತಾನೆ. ಇವಕ್ಕೆ ಆ ಶಕ್ತಿ ಎಲ್ಲೈತೆ?"

ಒಮ್ಮೆ ಕಾಗದ ಹಸಿರು ತೋರಿತೆಂದು ಹುಣಸೆಹಣ್ಣು ಕಿವುಚಿಕೊಂಡು ತೊಟ್ಟಿಯ ಕಡೆಗೆ ಹೊರಟರು. ಅತ್ತೆ ಹೊಸ್ತಿಲೊಳಗಿಂದಲೇ ಕೂಗಿದರು: "ಹುಳಿ ಆತು. ಉಪ್ಪು ನೀರಾಗೇ ಐತೆ. ಇನ್ನೊಂದೀಟು ಖಾರ ಹಾಕಿ ಒಗ್ಗರಣೆ ಕೊಟ್ಬಿಡ್ರಿ, ಸಾರಾತು!" ಮಾವನವರು ಗಕ್ಕನೆ ತಿರುಗಿದ ರಭಸಕ್ಕೆ ಹುಣಸೆಯ ರಸವೆಲ್ಲ ಪಂಚೆಯ ಮೇಲೆ ಬಿತ್ತು. ಮೀನುಗಳು ಬದುಕಿಕೊಂಡವು. ಪಂಚೆ ಬದುಕಲಿಲ್ಲ.

ಕೊನೆಗೆ ಹದಿನೈದು ದಿನಕ್ಕೊಮ್ಮೆ ಹೊನ್ನಾಳಿಗೇ ಹೋಗಿ, ದಾವಣಗೆರೆಯಲ್ಲಿ ಬಸ್ಸು ಬದಲಾಯಿಸಿ, ಅದೇ ಕ್ಯಾನಿನಲ್ಲಿ ಹೊಳೆ ನೀರು ತರತೊಡಗಿದರು. ಕಂಡಕ್ಟರ್ ಜೊತೆ ನಡೆದ ಸಂವಾದವನ್ನು ಅವರೇ ಬಂದು ವರದಿ ಮಾಡಿದರು.

"ಕ್ಯಾನಾಗೆ ಏನ್ ಸಾರ್, ಎಣ್ಣೆನಾ?"

"ನೀರು."

"ಜಗಳೂರಾಗೆ ನೀರಿಲ್ಲೇನ್ರೀ?"

"ಐತಪ್ಪ. ಅದರ ಪಿ.ಎಚ್. ಎಂಟರ ಮ್ಯಾಲೈತೆ."

"ಎಂಟರ ಮ್ಯಾಲಿದ್ರೆ ಲಗೇಜ್ ಟಿಕೆಟ್ ತಗಳ್ಳೇಬೇಕು ಸಾರ್!"

ತಗೊಂಡರು. ವಿಜ್ಞಾನಕ್ಕಾಗಿ ದೊಡ್ಡವರೆಲ್ಲ ಏನೇನೋ ತ್ಯಾಗ ಮಾಡಿದ್ದಾರಲ್ಲವೇ?

ಮಧ್ಯಾಹ್ನಗಳಲ್ಲಿ ಮಾತ್ರ ಆ ತೊಟ್ಟಿಯ ಮೇಲೆ ನನಗೆ ಸಿಟ್ಟಿರಲಿಲ್ಲ. ನೀರಿನ ಕ್ಷಾರ ಇಳಿಸಲೆಂದು ಮಾವನವರು ಕಾಡುಬಾದಾಮಿಯ ಒಣ ಎಲೆ ಹಾಕುತ್ತಿದ್ದರು. ನೀರು ತೆಳ್ಳನೆಯ ಚಹಾದ ಬಣ್ಣಕ್ಕೆ ತಿರುಗುತ್ತಿತ್ತು. ಕಿಟಕಿಯ ಬಿಸಿಲು ಅದನ್ನು ಹಾದು ಎದುರಿನ ಗೋಡೆಯ ಮೇಲೆ ಜೇನಿನಂತೆ ಅಲುಗುತ್ತಿತ್ತು. ಅದರೊಳಗೆ ನಾಲ್ಕು ತ್ರಿಕೋನದ ನೆರಳು, ಎಲ್ಲಿಗೂ ಹೋಗುವ ಅವಸರವಿಲ್ಲದೆ. ನೋಡುತ್ತ ಕೂತರೆ ಗಡಿಯಾರದ ಸದ್ದು ದೂರವಾಗಿ, ಹೊನ್ನಾಳಿಯ ಹೊಳೆಯ ತಳದಲ್ಲಿ ನಾನೇ ಕಣ್ಣು ಬಿಟ್ಟುಕೊಂಡು ಮಲಗಿದ್ದೇನೆ ಅನ್ನಿಸುತ್ತಿತ್ತು. ಆರಾಮ ಕುರ್ಚಿಯಿಂದ ಮಾವನವರ ದನಿ, ಅದೂ ನೀರೊಳಗಿಂದಲೇ ಬಂದಂತೆ:

"ಅವಸರ ಮಾಡಾಕೆ ಹೋಗಬಾರದು ಕಣಮ್ಮ. ಒಮ್ಮೆಗೇ ನೀರು ಬದಲಿಸಿದ್ರೆ ಹೊಟ್ಟೆ ಮ್ಯಾಲೆ ಮಾಡಿ ತೇಲಿಬಿಡ್ತವೆ. ಹೊಳೆ ನೀರು ಒಂದು ಚೊಂಬು ಕಮ್ಮಿ, ಬಾವಿ ನೀರು ಒಂದು ಚೊಂಬು ಜಾಸ್ತಿ. ಒಗ್ಗಿದ್ದು ಅವಕ್ಕೇ ಗೊತ್ತಾಗಬಾರದು."

ನಾನು ಹೂಂ ಅನ್ನುತ್ತಿದ್ದೆ. ಈ ಮನೆಗೆ ಸೊಸೆಯಾಗಿ ಬರುವುದಕ್ಕಿಂತ ಮೀನಾಗಿ ಬರಬೇಕಿತ್ತು ಎಂದು ಮನಸ್ಸಿನಲ್ಲೇ ನಿಟ್ಟುಸಿರಿಟ್ಟು, ಪಂಚಮಿಗೆ ಇನ್ನೆಷ್ಟು ದಿನವೆಂದು ಎಣಿಸುತ್ತಿದ್ದೆ.

ಪಂಚಮಿಯೂ ಹತ್ತಿರ ಬಂತು. ಅಪ್ಪ ಬರಲು ಎರಡು ದಿನವಿತ್ತು. ಹಳೆಯ ಸೀರೆಗಳನ್ನೂ ಬಿಡದೆ ಟ್ರಂಕಿಗೆ ತುಂಬಿಯಾಗಿತ್ತು. ಆ ದಿನ ಬೆಳಕು ಹರಿಯುವಾಗಲೇ ಎಚ್ಚರವಾಗಿ ಅಡುಗೆಮನೆಯ ಕಡೆ ಬಂದವಳು ಬಾಗಿಲಲ್ಲೇ ನಿಂತುಬಿಟ್ಟೆ. ಮೀನಿನ ಕ್ಯಾನು ಹೊಸ್ತಿಲು ದಾಟಿತ್ತು! ಮಾವನವರು ಅದರಿಂದ ಕುಡಿಯುವ ನೀರಿನ ಬಿಂದಿಗೆಗೆ ಸುರಿಯುತ್ತಿದ್ದರು. ಬಿಂದಿಗೆಯ ಬಾಯಿಗೆ ಸೋಸುವ ಬಟ್ಟೆ ಹಿಡಿದು ಕೂತಿದ್ದವರು ಬೇರೆ ಯಾರೂ ಅಲ್ಲ, ಅತ್ತೆ!

"ನಿಧಾನ ಹಾಕ್ರೀ, ಸದ್ದಾಗ್ತೈತೆ. ಆಕೆ ಎದ್ದಾಳು."

"ಇವತ್ತು ಅರ್ಧ ಚೊಂಬು ಸಾಕೇನೇ?"

"ಸಾಕು. ಮೊನ್ನೆಯಿಂದ ಅಷ್ಟೇ ಹಾಕ್ತಿರೋದು. ಏನೂ ಅಂದಿಲ್ಲ, ಊಟಾನೂ ಚೆನ್ನಾಗಿ ಮಾಡ್ತಾಳೆ."

ನಾನು ಒಂದು ಹೆಜ್ಜೆ ಒಳಗಿಟ್ಟೆ. "ಮಾವ… ಅದು ಮೀನಿನ ನೀರಲ್ವಾ?"

ಇಬ್ಬರೂ ಕಳ್ಳರಂತೆ ತಿರುಗಿದರು. ಅತ್ತೆ ಬಟ್ಟೆಯನ್ನು ಸೆರಗಿನಡಿ ಮುಚ್ಚಿಟ್ಟರು, ಅದರಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು. ಮಾವನವರು ಮಾತ್ರ ಗಂಟಲು ಸರಿಮಾಡಿಕೊಂಡು, ಕ್ಲಾಸಿನಲ್ಲಿ ಉತ್ತರ ಹೇಳುವ ಗಾಂಭೀರ್ಯದಲ್ಲಿ ಹೇಳಿದರು:

"ಮೀನು ಹೊಳೆ ನೀರು ಬಿಟ್ಟು ಎರಡು ತಿಂಗಳಾತು ಕಣಮ್ಮ. ಅವು ಒಗ್ಗಿದ್ವು. ಇನ್ನೊಬ್ರು ಬಾಕಿ ಅದಾರೆ ಅಂತ ತರ್ತಿದ್ದೆ."

ನಾನು ಹಿತ್ತಲಿಗೆ ಹೋಗಿ ಮುಖ ತೊಳೆದೆ, ಬಹಳ ಹೊತ್ತು ತೊಳೆದೆ.

ಅಪ್ಪ ಬಂದರು. ಟ್ರಂಕು ಅಲ್ಲಿಯೇ ಬಿಟ್ಟು, ಒಂದು ಕೈಚೀಲದಲ್ಲಿ ಎರಡು ಸೀರೆ ಹಾಕಿಕೊಂಡು ಹೊನ್ನಾಳಿಗೆ ಹೋದೆ. ಹೋದ ಕೂಡಲೇ ಅಮ್ಮ ಓಡಿಬಂದು ಲೋಟದ ತುಂಬ ಹೊಳೆ ನೀರು ಕೊಟ್ಟಳು. ಒಂದೇ ಉಸಿರಿಗೆ ಕುಡಿದು ಲೋಟ ಇಳಿಸಿದೆ.

"ಇದೇನಮ್ಮ, ನೀರು ಇಷ್ಟೊಂದು ಸಪ್ಪಗೈತೆ!"

ಅಮ್ಮ ಏನಾಗಿದೆಯೋ ಎಂದು ಗಾಬರಿಯಾಗಿ, ತಳದಲ್ಲಿ ಉಳಿದಿದ್ದ ಒಂದು ಗುಟುಕನ್ನು ತಾನೂ ಕುಡಿದು ನೋಡಿದಳು, ಪಾಪ.