ನಾನು ಗಂಭೀರವಾಗಿಯೇ ಸತ್ತಿದ್ದೆ

ಸಾಯುವ ವಿಷಯದಲ್ಲಿ ನನ್ನಷ್ಟು ಪೂರ್ವಸಿದ್ಧತೆ ಮಾಡಿಕೊಂಡ ಮನುಷ್ಯ ಇಡೀ ಮಲಾಡ್ ಉಪನಗರದಲ್ಲಿ ಇನ್ನೊಬ್ಬನಿರಲಾರ. ಲೋಕಲ್ ಟ್ರೇನಿನ ಬಾಗಿಲು, ಗ್ಯಾಸ್ ಸಿಲಿಂಡರಿನ ರಬ್ಬರ್ ಪೈಪು, ನಮ್ಮ ಬಿಲ್ಡಿಂಗಿನ ಲಿಫ್ಟು, ಹೋಟೆಲಿನ ಹಸಿ ಚಟ್ನಿ, ಇವುಗಳಲ್ಲಿ ಯಾವುದರಿಂದ ನನ್ನ ಅಂತ್ಯವಾಗಬಹುದೆಂದು ದಿನಕ್ಕೊಮ್ಮೆಯಾದರೂ ಯೋಚಿಸಿಯೇ ಮಲಗುವವನು ನಾನು. ಹೀಗಿರುವಾಗ ಕ್ಯಾಮೆರಾದ ಎದುರು ಒಂದೇ ಒಂದು ಸಲ ಸಾಯುವುದು ಏನು ಮಹಾ ಎಂದುಕೊಂಡೆ.

ಸಾಯುತ್ತೀರಾ ಎಂದು ಕೇಳಿದವರು ನೆಲಮಹಡಿಯ ಶಿವಾನಂದ. ಧಾರವಾಡದವರು, ಮದುವೆ ಮುಂಜಿಗಳ ವಿಡಿಯೋ ತೆಗೆಯುವುದು ಕಸುಬು. ಆರತಿ, ಅಕ್ಷತೆ, ಊಟದ ಪಂಕ್ತಿಗಳನ್ನು ತೆಗೆದು ತೆಗೆದು ಬೇಸತ್ತಿದ್ದ ಅವರಿಗೆ ಸ್ವಂತ ಖರ್ಚಿನಲ್ಲಿ ಒಂದು ಕನ್ನಡ ವಿಡಿಯೋ ಚಿತ್ರ ಮಾಡುವ ಹುಚ್ಚು ಹತ್ತಿತ್ತು. ಹೆಸರು ‘ನಾಲ್ಕನೇ ಮಹಡಿಯ ನೆತ್ತರು’. ಕಥೆ ಸರಳ. ಮಂಕಿ ಕ್ಯಾಪ್ ಮತ್ತು ರೇನ್‌ಕೋಟ್ ತೊಟ್ಟ ಒಬ್ಬ ಕೊಲೆಗಾರ ಒಂದು ಬಿಲ್ಡಿಂಗಿನವರನ್ನು ಒಬ್ಬೊಬ್ಬರಾಗಿ ಮುಗಿಸುತ್ತಾ ಹೋಗುತ್ತಾನೆ. ಯಾಕೆ ಎಂದು ನಾನು ಕೇಳಿದೆ. ಅದನ್ನಿನ್ನೂ ಯೋಚಿಸಿಲ್ಲ ಎಂದರು.

ನನ್ನದು ಬಿಲ್ಡಿಂಗಿನ ಹೌಸಿಂಗ್ ಸೊಸೈಟಿ ಸೆಕ್ರೆಟರಿಯ ಪಾತ್ರ. ನಿಜಜೀವನದಲ್ಲೂ ನಾನು ಅದೇ ಆಗಿದ್ದೆ. ಟೆರೇಸಿನ ನೀರಿನ ಟ್ಯಾಂಕಿಗೆ ಮುಚ್ಚಳ ಹಾಕಿ ಎಂದು, ಮೆಟ್ಟಿಲ ಬಳಿ ಜೋತುಬಿದ್ದ ವೈರು ಮುಟ್ಟಬೇಡಿ ಎಂದು ನಾನು ಸಾರಿ ಸಾರಿ ಹೇಳುತ್ತಿದ್ದರೂ ಬಿಲ್ಡಿಂಗಿನಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಚಿತ್ರದ ಸೆಕ್ರೆಟರಿಯೂ ಹೀಗೇ ಎಚ್ಚರಿಸುತ್ತಾನೆ, ಯಾರೂ ಕೇಳುವುದಿಲ್ಲ, ಕೊನೆಗೆ ಟ್ಯಾಂಕಿನ ಮುಚ್ಚಳ ನೋಡಲು ಹೋಗಿ ಕೊಲೆಯಾಗುತ್ತಾನೆ.

“ಸರ, ನೀವು ಸಾಯೂದ ನೋಡಿ ಸಿನಿಮಾ ಹಾಲಿನ್ಯಾಗ ಒಬ್ಬರ ಕಣ್ಣೂ ಒಣಾ ಇರಂಗಿಲ್ಲ ನೋಡ್ರಿ,” ಎಂದರು ಶಿವಾನಂದ.

ನನಗೆ ಬೇಕಾದದ್ದು ಅದೇ. ಒಂದು ಸಲವಾದರೂ ಜನ ನನ್ನನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಅದಕ್ಕೆ ಸಾಯಲೇಬೇಕೆಂದಿದ್ದರೆ ನಾನು ಸಿದ್ಧ.

ಮನೆಯಲ್ಲಿ ಸುದ್ದಿ ತಿಳಿಸಿದೆ. ಹೆಂಡತಿ ಸರೋಜ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತದೆಯೇ, “ಸಾಯೋದೇ ಆದ್ರೆ ಮಂಗಳವಾರ ಬೇಡ ರೀ,” ಎಂದಳು. ಸ್ವಲ್ಪ ಹೊತ್ತಾದ ಮೇಲೆ, “ಅಳೋಕೆ ನಾನೂ ಬರಬೇಕಾ, ಇಲ್ಲಾ ಅವರೇ ಯಾರನ್ನಾದ್ರೂ ನೋಡ್ಕೋತಾರಾ?” ಎಂದು ಕೇಳಿದಳು.

ಭಾನುವಾರ ಸಾಯುವುದೆಂದು ತೀರ್ಮಾನವಾಯಿತು.

ಟೆರೇಸಿನ ಟ್ಯಾಂಕ್ ರೂಮಿನ ಕಿಟಕಿಗೆ ಕಂಬಳಿ ಕಟ್ಟಿ ಹಗಲಲ್ಲೇ ಕತ್ತಲು ಮಾಡಿದ್ದರು. ಕೊಲೆಗಾರನಾಗಿ ಮಂಕಿ ಕ್ಯಾಪಿನೊಳಗೆ ನಿಂತಿದ್ದವರು ನಮ್ಮ ಎದುರುಮನೆಯ ಕುಲಕರ್ಣಿ. ಅವರು ಮನೆಯಿಂದ ತೆಂಗಿನಕಾಯಿ ಸುಲಿಯುವ ಕತ್ತಿಯನ್ನೇ ತಂದಿದ್ದರು. ಕತ್ತಿಗೆ ತುಕ್ಕಿತ್ತು. ಧನುರ್ವಾಯುವಿನ ಕುರಿತು ನಾನು ಅವರಿಗೆ ಒಂದು ಸಣ್ಣ ಉಪನ್ಯಾಸ ಕೊಟ್ಟು, ಬೆಳ್ಳಿಕಾಗದ ಸುತ್ತಿದ ರಟ್ಟಿನ ಚಾಕು ಮಾಡಿಸಿದೆ. ರಕ್ತಕ್ಕೆಂದು ಒಂದು ತಂಬಿಗೆಯ ತುಂಬ ಗುಲಾಬಿ ಶರಬತ್ತು ಕದಡಿ ಇಟ್ಟಿದ್ದರು.

ಕತ್ತಲಲ್ಲಿ ಸಪ್ಪಳ ಕೇಳಿ ನಾನು ಆಡಬೇಕಾದ ಮಾತು, ‘ಯಾವನೋ ಅವನು? ಹೊರಗೆ ಬಾ!’

ಟಾರ್ಚು ಹಿಡಿದು ಒಳಗೆ ಹೋದೆ. ಮೂಲೆಯಲ್ಲಿ ರೇನ್‌ಕೋಟಿನ ಆಕೃತಿ ಕಂಡಿತು. ಕಥೆಯ ಪ್ರಕಾರ ಗುರುತು ಪರಿಚಯ ಇಲ್ಲದ ಮನುಷ್ಯ. ನಾನು ಮೈಸೂರಿನವನು. ನಾಲಿಗೆ ತನ್ನಷ್ಟಕ್ಕೆ ಹೇಳಿತು:

“ಯಾರು ಅದು? ಕತ್ತಲಲ್ಲಿ ಯಾಕೆ ನಿಂತಿದ್ದೀರಿ? ಬನ್ನಿ, ಈ ಕಡೆ ಬನ್ನಿ.”

ಅವರು ಬಂದರು. ಚಾಕು ಎತ್ತಿದರು. ನನ್ನ ಕನ್ನಡಕ ಹೊಸದು, ಫ್ರೇಮು ದುಬಾರಿಯದು. ತೆಗೆದು, ಮಡಿಸಿ, ಜೇಬಿನಲ್ಲಿಟ್ಟುಕೊಂಡೆ. ರಟ್ಟು ಎದೆಗೆ ತಾಗಿ ಬಾಳೆಎಲೆಯಂತೆ ಬಾಗಿತು. ಆದರೂ ನಾನು ನಟನೆ ಬಿಡಲಿಲ್ಲ. “ಸ್ವಲ್ಪ ನಿಧಾನ ಸಾರ್, ನನಗೆ ಬಿ.ಪಿ. ಇದೆ,” ಎಂದೆ. ಸೊಂಟ ನೋವಿನವನು ದಢಾರನೆ ಬೀಳಲಾಗುವುದಿಲ್ಲ. ಗೋಡೆ ಹಿಡಿದು, ಮೊಣಕಾಲೂರಿ, ಬಲಮಗ್ಗುಲಾಗಿ ಮಲಗಿ ಪ್ರಾಣಬಿಟ್ಟೆ.

ಹೆಣವಾದ ಮೇಲೆ ಎದೆಯಿಂದ ಕತ್ತಿನವರೆಗೂ ಶರಬತ್ತು ಸುರಿದರು. ಹಿಂದೆಯೇ ಇರುವೆಗಳು ಬಂದವು. ಯಾರ ರಕ್ತದಲ್ಲಿ ಸಕ್ಕರೆಯಿದೆ ಎಂದು ಡಾಕ್ಟರರಿಗಿಂತ ಬೇಗ ಇರುವೆಗೆ ತಿಳಿಯುತ್ತದೆ. ಕ್ಯಾಮೆರಾ ನನ್ನ ಮುಖದ ಮೇಲೇ ಇತ್ತು. ತಡೆದೆ, ತಡೆದೆ. ಕೊನೆಗೆ ಎಡಗೈಯಿಂದ ಕತ್ತು ಕೆರೆದುಕೊಂಡು ಪುನಃ ಸತ್ತೆ.

“ಇನ್ನೊಮ್ಮೆ ತೆಗೀರಿ,” ಎಂದು ಎದ್ದು ಕೂತು ಹೇಳಿದೆ.

“ಬ್ಯಾಟರಿ ನಾಳಿನ ಮುಂಜವಿಗೆ ಬೇಕ್ರಿ ಸರ,” ಎಂದು ಶಿವಾನಂದ ತಲೆಗೆ ಕೈ ಹಚ್ಚಿ ಕೂತರು. “ಅಲ್ರೀ, ಎದಿಗೆ ಚಾಕು ಬರೂ ಹೊತ್ತಿನ್ಯಾಗ ಮನಷ್ಯಾಗ ಬಹುವಚನ ನೆನಪಿರತೈತೇನ್ರಿ?”

“ಹೆದರಿದಾಗಲೇ ನಮಗೆ ಬಹುವಚನ ಜಾಸ್ತಿ ಬರೋದು ಕಣ್ರೀ,” ಎಂದೆ. ಇದು ನಿಜ. ಬೇಕಾದರೆ ನನ್ನ ಮೇಲಧಿಕಾರಿಯನ್ನು ಕೇಳಿ.

ಪ್ರದರ್ಶನ ನಮ್ಮ ಕಡೆಯ ಕನ್ನಡಿಗರ ಸಂಘದ ಹಾಲಿನಲ್ಲಿ, ಮೇಜಿನ ಮೇಲಿಟ್ಟ ಒಂದು ಟಿ.ವಿ.ಯಲ್ಲಿ. ಮೊದಲೆರಡು ಕೊಲೆಗಳಿಗೆ ಜನ ಆಕಳಿಸಿದರು. ನಾನು ಟಾರ್ಚು ಹಿಡಿದು ಮೆಟ್ಟಿಲು ಹತ್ತಿದೆ. ಇಡೀ ಹಾಲ್ ನಿಶ್ಶಬ್ದವಾಯಿತು. ನನ್ನ ಎದೆ ಉಬ್ಬಿತು.

‘ಬನ್ನಿ, ಈ ಕಡೆ ಬನ್ನಿ’ ಎಂದದ್ದೇ ತಡ, ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಕನ್ನಡಕ ಮಡಿಸುವಾಗ ಮಧ್ಯದ ಸಾಲುಗಳು ಸೇರಿಕೊಂಡವು. ಬಿ.ಪಿ.ಯ ಹೊತ್ತಿಗೆ ಕುರ್ಚಿಗಳು ಅಲುಗಾಡುತ್ತಿದ್ದವು. ನಾನು ಕತ್ತು ಕೆರೆದುಕೊಂಡಾಗ ಎದ್ದ ಸದ್ದನ್ನು ವರ್ಣಿಸಲು ನನ್ನಲ್ಲಿ ಪದಗಳಿಲ್ಲ. ಶಿವಾನಂದರ ಮಾತು ಸುಳ್ಳಾಗಲಿಲ್ಲ. ಒಬ್ಬರ ಕಣ್ಣೂ ಒಣಗಿರಲಿಲ್ಲ.

ಆಮೇಲೆ ಪ್ರೇಕ್ಷಕರ ಅಭಿಪ್ರಾಯ. ಮೊದಲು ಮೈಕು ಹಿಡಿದವರು ಸ್ಟೇಷನ್ ಹತ್ತಿರ ಹೋಟೆಲು ನಡೆಸುವ ಶೆಟ್ಟರು. “ಪಿಕ್ಚರ್ ಹೇಗುಂಟು ಅಂತ ನನಗೆ ಗೊತ್ತಿಲ್ಲ ಮಾರಾಯ್ರೆ. ಆದ್ರೆ ಇವರು ಸತ್ತದ್ದುಂಟಲ್ಲ, ನಗಾಡಿ ನಗಾಡಿ ನಾನೇ ಸಾಯ್ಲಿಕ್ಕೆ ಆಗಿದ್ದೆ.”

ಕುಲಕರ್ಣಿಯವರ ಮಗಳು ರೂಪಾ ಎದ್ದಳು. ಕಾಲೇಜಿನ ಹುಡುಗಿ, ಕನ್ನಡ ಕಡಿಮೆ. “ಅಂಕಲ್, ಮರ್‌ನೇ ಕೇ ಬಾದ್ ಆ ಖುಜ್ಲಿ… ಸತ್ತ ಮೇಲೆ ಕೆರ್ಕೊಂಡ್ರಲ್ಲ, ಓ ಐಡಿಯಾ ಕಿಸ್ಕಾ ಥಾ, ಯಾರ್ದು? ಏಕ್‌ದಮ್ ಮಸ್ತ್!”

ಕುಲಕರ್ಣಿಯವರ ತಾಯಿಯೊಬ್ಬರೇ ನಗದೆ ಮಾತಾಡಿದರು. “ಕೊಲ್ಲಾಕ ಬಂದಾಂವಗೂ ‘ಬನ್ನಿ’ ಅಂದ್ರಲ್ಲಪಾ, ಎಂಥಾ ದೊಡ್ಡ ಮನಿತನದವರೋ ಏನೋ.” ಅದಕ್ಕೆ ಇಡೀ ಹಾಲ್ ಇನ್ನಷ್ಟು ನಕ್ಕಿತು.

ಕೊನೆಗೆ ಶಿವಾನಂದ ಮೈಕಿನ ಮುಂದೆ ನಿಂತು ಕೈ ಮುಗಿದು, ತಾವು ಮೊದಲಿನಿಂದಲೂ ಇದನ್ನು ಹಾಸ್ಯಮಿಶ್ರಿತ ಕೊಲೆಚಿತ್ರವೆಂದೇ ಯೋಚಿಸಿದ್ದಾಗಿ ಘೋಷಿಸಿಬಿಟ್ಟರು. ಕೊಲೆಗೆ ಕಾರಣ ಯೋಚಿಸದ ಮನುಷ್ಯ ಹಾಸ್ಯವನ್ನು ಮೊದಲೇ ಯೋಚಿಸಿದ್ದರಂತೆ! ನಾನು ಎದ್ದು ನಿಂತೆ. “ಸ್ವಾಮಿ, ನಾನು ಗಂಭೀರವಾಗಿಯೇ ಸತ್ತಿದ್ದೇನೆ,” ಎಂದೆ. ಚಪ್ಪಾಳೆ ಬಿತ್ತು.

ಇಷ್ಟಕ್ಕೇ ಮುಗಿದಿದ್ದರೆ ಸಹಿಸುತ್ತಿದ್ದೆನೇನೋ. ಮುಂದಿನ ವಾರ ಸೊಸೈಟಿ ಮೀಟಿಂಗ್. ಮೆಟ್ಟಿಲ ಬಳಿಯ ವೈರಿನ ಪ್ಲಾಸ್ಟಿಕ್ ಸುಲಿದು ತಂತಿ ಹೊರಗೆ ಬಂದಿತ್ತು. ಯಾರಾದರೂ ಮುಟ್ಟಿದರೆ ಪ್ರಾಣ ಹೋಗುತ್ತದೆ ಎಂದು ಹೇಳಲು ನಾನು ಎದ್ದೆ. ಬಾಯಿ ತೆರೆಯುವ ಮೊದಲೇ ಕುಲಕರ್ಣಿ ಮುಖ ತಗ್ಗಿಸಿ ಅಲುಗಾಡತೊಡಗಿದರು. ಒಬ್ಬರಿಂದ ಒಬ್ಬರಿಗೆ ನಗು ಹಬ್ಬಿತು. ಚೇರ್ಮನ್ನರು ಕಣ್ಣೊರೆಸಿಕೊಂಡು, ವೈರಿನ ವಿಷಯ ಮುಂದಿನ ಮೀಟಿಂಗಿಗೆ ಇಟ್ಟುಕೊಳ್ಳೋಣ ಎಂದರು. ಮೊದಲಾದರೆ ಕೇಳಿ ಮರೆಯುತ್ತಿದ್ದರು. ಈಗ ಕೇಳುವುದೂ ಇಲ್ಲ. ಕೊನೆಗೆ ಸ್ವಂತ ಖರ್ಚಿನಲ್ಲಿ ಎಲೆಕ್ಟ್ರಿಷಿಯನ್ನನನ್ನು ಕರೆಸಿ ತಂತಿ ಮುಚ್ಚಿಸಿದೆ.

ಅಲ್ಲಿಂದ ನೇರ ಶಿವಾನಂದರ ಮನೆಗೆ ಇಳಿದೆ. ಊರಿನ ಇನ್ನೊಂದು ಮೂಲೆಯ ವಡಾಲದಲ್ಲಿ ಚಿತ್ರದ ಇನ್ನೊಂದು ಪ್ರದರ್ಶನವಿತ್ತು. ಅದಕ್ಕೆ ಮುಂಚೆ ನನ್ನ ಕೊಲೆಯನ್ನು ತೆಗೆದುಹಾಕಬೇಕೆಂದು ಪಟ್ಟು ಹಿಡಿದೆ.

“ಅದನ್ನ ತಗದ್ರ ಪಿಕ್ಚರಿನ್ಯಾಗ ಏನ್ ಉಳಿತೈತ್ರಿ ಸರ?”

“ನನ್ನ ಮರ್ಯಾದೆ ಉಳಿಯುತ್ತೆ,” ಎಂದೆ. ಟೆರೇಸಿನ ಬೀಗದ ಕೈ ನನ್ನ ಹತ್ತಿರವಿದೆ ಎಂಬುದನ್ನೂ ನೆನಪಿಸಿದೆ. ಅವರ ಮುಂದಿನ ಚಿತ್ರವೂ ಟೆರೇಸಿನಲ್ಲೇ ನಡೆಯುವಂಥದ್ದು. ಒಪ್ಪಿದರು.

ಒಪ್ಪಿದವರು ಮಾತಿನಂತೆ ನಡೆದುಕೊಂಡರೇ ಎಂಬ ಚಿಂತೆಯಲ್ಲಿ ಸರೋಜಳನ್ನು ಕರೆದುಕೊಂಡು ವಡಾಲಕ್ಕೂ ಹೋದೆ. ಅಲ್ಲಿ ನಮ್ಮನ್ನು ಬಲ್ಲವರು ಯಾರೂ ಇರಲಿಲ್ಲ. ಚಿತ್ರದಲ್ಲಿ ನಾನು ಟಾರ್ಚು ಹಿಡಿದು ಮೆಟ್ಟಿಲು ಹತ್ತಿದೆ. ಮರುಕ್ಷಣ ಯಾರದೋ ಅಡುಗೆಮನೆ, ಒಗ್ಗರಣೆ ಸಿಡಿಯುತ್ತಿತ್ತು. ನಾನು ಮೇಲೆ ಹೋದವನು ಹೋದೆ, ಅಷ್ಟೆ. ಒಬ್ಬರು ಎದ್ದು ಚಹಾಕ್ಕೆ ಹೋದರು. ಅವರನ್ನು ನೋಡಿ ಇಬ್ಬರು ಎದ್ದರು. ಉಳಿದವರು ಕುರ್ಚಿಯಲ್ಲೇ ಜಾರಿ ಕೂತರು.

“ಈಗ ಸಮಾಧಾನಾನಾ?” ಎಂದಳು ಸರೋಜ.

“ತುಂಬಾ,” ಎಂದೆ. ಬಿಲ್ಡಿಂಗಿನ ಸೆಕ್ರೆಟರಿ ಕಾಣೆಯಾಗಿದ್ದಾನೆ, ಒಬ್ಬರಾದರೂ ಗಮನಿಸಬೇಡವೇ?

ಮುಂದಿನ ಸಾಲಿನ ಹೆಂಗಸೊಬ್ಬರು ಗಂಡನನ್ನು ಕೇಳಿದರು, “ರೀ, ಮೇಲೆ ಹೋದ್ರಲ್ಲ, ಅವರು ವಾಪಸ್ ಬಂದ್ರಾ?”

“ಯಾರೇ?”

“ಅದೇ, ಸೆಕ್ರೆಟರಿ ಅಂತ ಒಬ್ಬರಿದ್ರಲ್ಲ.”

“ಬಂದಿರ್ತಾರೆ ಬಿಡೆ.”

ನನಗೆ ತಡೆಯಲಾಗಲಿಲ್ಲ. ಮುಂದಕ್ಕೆ ಬಾಗಿ ಹೇಳಿದೆ, “ಬರಲಿಲ್ಲಮ್ಮ. ಅಲ್ಲೇ ಕೊಲೆಯಾಯಿತು.”

ಆಕೆ ತಿರುಗಿ ಟಿ.ವಿ.ಯ ಬೆಳಕಿನಲ್ಲಿ ನನ್ನ ಮುಖವನ್ನು ಚೆನ್ನಾಗಿಯೇ ನೋಡಿದರು. ಗುರುತು ಹತ್ತಲಿಲ್ಲ. “ಹೌದಾ? ನೀವು ಮುಂಚೆ ನೋಡಿದೀರಾ? ತುಂಬಾ ಭಯ ಆಗತ್ತಾ?”

“ಇಲ್ಲಮ್ಮ,” ಎಂದೆ. “ತುಂಬಾ ನಗು ಬರುತ್ತೆ. ಇಡೀ ಪಿಕ್ಚರಿನಲ್ಲಿ ನೋಡುವಂಥದ್ದು ಅದೊಂದೇ.”

“ಅಯ್ಯೋ, ಅದನ್ನೇ ಕತ್ತರಿಸಿದಾರಲ್ಲ. ಯಾವ ಪುಣ್ಯಾತ್ಮ ಹೇಳಿದನೋ ಕತ್ತರಿಸೋಕೆ.”

ಗೊತ್ತಿಲ್ಲ ಎಂದೆ. ಆ ಸಂಜೆ ಹಾಲಿನಲ್ಲಿ ಕೇಳಿಸಿದ ಒಂದೇ ಒಂದು ನಗು ನನ್ನ ಪಕ್ಕದ ಕುರ್ಚಿಯಿಂದ ಬಂತು.